ಗದ್ದಲ ಕೇಳಿಸಿತು, ಕಾಯ್ದೆ ಕೇಳಿಸಲಿಲ್ಲ: ಆರೋಗ್ಯ ಸುಧಾರಣೆಯ ಜಗಳ ಕೊಡಗಿನಿಂದ ಕಂಡಂತೆ

2025ರ ಮೇ ತಿಂಗಳಲ್ಲಿ ರಾಜ್ಯದ ಆರೋಗ್ಯ ಇಲಾಖೆಯಿಂದ ಒಂದು ಆದೇಶ ಬಂತು. ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರುವ, ಕೇಂದ್ರ ಸರ್ಕಾರದ ಯೋಜನೆಯಡಿ ಅಗ್ಗದ ಔಷಧಿ ಮಾರುವ ಜನೌಷಧಿ ಕೇಂದ್ರಗಳನ್ನು ಮುಚ್ಚಬೇಕು, ಹೊಸದಕ್ಕೆ ಅನುಮತಿ ಕೊಡಬಾರದು ಅಂತ. ಟಿವಿಯಲ್ಲಿ ಜಗಳ ಶುರುವಾಯಿತು. ಬಡವರ ಔಷಧಿಗೆ ಕಲ್ಲು ಹಾಕಿದರು ಅಂತ ಬಿಜೆಪಿ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಪುಕ್ಕಟೆ ಸಿಗಬೇಕು, ಅಲ್ಲೇ ಮಾರುವ ಅಂಗಡಿ ಯಾಕೆ ಅಂತ ಕಾಂಗ್ರೆಸ್. ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ವಾಟ್ಸಾಪ್ ಗುಂಪುಗಳಲ್ಲಿ ಎರಡೂ ಕಡೆಯ ಪೋಸ್ಟರ್ ಹರಿದಾಡಿದವು.

ಮಡಿಕೇರಿಯಲ್ಲೋ ಸೋಮವಾರಪೇಟೆಯಲ್ಲೋ ತಿಂಗಳಿಗೊಮ್ಮೆ ಸಕ್ಕರೆ ಕಾಯಿಲೆಯ ಮಾತ್ರೆ ತರುವವರಿಗೆ ಬೇಕಾಗಿದ್ದು ಒಂದೇ ಉತ್ತರ. ಮುಂದಿನ ತಿಂಗಳು ನನ್ನ ಮೆಟ್‌ಫಾರ್ಮಿನ್ ಎಲ್ಲಿ ಸಿಗುತ್ತದೆ, ಎಷ್ಟಕ್ಕೆ ಸಿಗುತ್ತದೆ? ಇಷ್ಟೆಲ್ಲ ಚರ್ಚೆಯಾದರೂ ಈ ಉತ್ತರ ಮಾತ್ರ ಸರಿಯಾಗಿ ಸಿಗಲಿಲ್ಲ.

ಇದೇನೂ ಹೊಸದಲ್ಲ. ಆರೋಗ್ಯ ವ್ಯವಸ್ಥೆಯನ್ನು ಸರಿಪಡಿಸುವ ಮಾತು ಬಂದಾಗಲೆಲ್ಲ ಹೀಗೇ ಆಗುತ್ತದೆ. ಯಾರು ಯಾರಿಗೆ ಬೈದರು ಅನ್ನುವುದು ಎಲ್ಲರಿಗೂ ಗೊತ್ತಾಗುತ್ತದೆ. ಕಾಗದದಲ್ಲಿ ಏನಿತ್ತು ಅನ್ನುವುದು ಗೊತ್ತಾಗುವುದಿಲ್ಲ. ಇದರಿಂದ ಎಲ್ಲರಿಗೂ ಒಂದೇ ತರ ನಷ್ಟ ಆಗುತ್ತದೆ ಅಂದುಕೊಳ್ಳಬೇಡಿ. ರೋಗಿಗೇ ಜಾಸ್ತಿ. ಆಸ್ಪತ್ರೆಯಿಂದ ದೂರ ಇರುವ ರೋಗಿಗೆ ಇನ್ನೂ ಜಾಸ್ತಿ.

ಜನೌಷಧಿ: ಎರಡು ವಾದ, ಕಾಣೆಯಾದ ಪ್ರಶ್ನೆ

ಮೊದಲು ಎರಡೂ ಕಡೆಯ ಮಾತನ್ನು ಸಮಾಧಾನವಾಗಿ ನೋಡೋಣ. ಜನೌಷಧಿ ಅಂಗಡಿಯಲ್ಲಿ ಸಿಗುವುದು ಜೆನೆರಿಕ್ ಔಷಧಿ. ಅಂದರೆ ಮಾತ್ರೆಯೊಳಗಿನ ಮದ್ದು ಅದೇ, ಮೇಲಿನ ಬ್ರ್ಯಾಂಡಿನ ಹೆಸರು ಮಾತ್ರ ಇಲ್ಲ. ಬ್ರ್ಯಾಂಡಿನ ಔಷಧಿಗಿಂತ ಶೇಕಡಾ 50ರಿಂದ 90ರಷ್ಟು ಅಗ್ಗ ಅಂತ ಕೇಂದ್ರ ಸರ್ಕಾರ ಹೇಳುತ್ತದೆ. ಬಿಪಿ, ಶುಗರ್‌ಗೆ ದಿನಾ ಮಾತ್ರೆ ನುಂಗುವ ಮನೆಗೆ ಇದು ಸಣ್ಣ ಉಳಿತಾಯವಲ್ಲ.

ರಾಜ್ಯ ಸರ್ಕಾರದ ವಾದದಲ್ಲೂ ಹುರುಳಿದೆ. ಸರ್ಕಾರಿ ಆಸ್ಪತ್ರೆಗೆ ಬಂದವರು ಅಗ್ಗದ ಔಷಧಿಯನ್ನೂ ಕೊಳ್ಳಬೇಕಾಗಿ ಬರಬಾರದು. ಅದು ಒಳಗಿನ ಕೌಂಟರ್‌ನಲ್ಲೇ ಪುಕ್ಕಟೆ ಸಿಗಬೇಕು. ಆವರಣದಲ್ಲೇ ಅಂಗಡಿ ಇದ್ದರೆ 'ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ' ಅನ್ನುವುದು ಸುಲಭವಾಗಿಬಿಡುತ್ತದೆ.

ಎರಡೂ ವಾದ ನಿಂತಿರುವುದು ಒಂದೇ ವಿಷಯದ ಮೇಲೆ. ಒಳಗಿನ ಕೌಂಟರ್‌ನಲ್ಲಿ ಔಷಧಿ ಇದೆಯಾ? ಇದ್ದರೆ ಅಂಗಡಿ ಮುಚ್ಚಿದರೂ ರೋಗಿಗೆ ಕಷ್ಟವಿಲ್ಲ. ಇಲ್ಲದಿದ್ದರೆ ಅಂಗಡಿ ಮುಚ್ಚುವುದು ಕ್ರೌರ್ಯ. ಹಾಗಾಗಿ ವರದಿಗಾರರು ಮೊದಲು ಹೋಗಬೇಕಿದ್ದುದು ತಾಲ್ಲೂಕು ಆಸ್ಪತ್ರೆಯ ಔಷಧಿ ಉಗ್ರಾಣಕ್ಕೆ. ಯಾವ ಮಾತ್ರೆ ಎಷ್ಟು ದಿನಕ್ಕೆ ಸಾಕಾಗುವಷ್ಟಿದೆ, ಕೊನೆಯ ಲೋಡ್ ಯಾವಾಗ ಬಂತು ಅಂತ ಕೇಳಬೇಕಿತ್ತು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತಾಗ, ಸರ್ಕಾರ ಕೊಂಡು ಆಸ್ಪತ್ರೆಗಳಿಗೆ ಕಳಿಸಿದ ಗ್ಲೂಕೋಸ್ ಮಾದರಿಯ ದ್ರವದ ಗುಣಮಟ್ಟದ ಮೇಲೇ ಪ್ರಶ್ನೆ ಎದ್ದಿತ್ತು. ಅಂದರೆ ಖರೀದಿ, ಪರೀಕ್ಷೆ, ಸರಬರಾಜು ಇವೇ ನಿಜವಾದ ಕಥೆ. ಆದರೆ ಕ್ಯಾಮೆರಾಗಳು ಪಕ್ಷದ ಕಚೇರಿಗಳ ಮುಂದೆ ನಿಂತವು.

ಇನ್ನೊಂದು ಮಾತು. ಜನೌಷಧಿ ಯೋಜನೆ ಮೊದಲು ಬಂದದ್ದು 2008ರಲ್ಲಿ, ಕಾಂಗ್ರೆಸ್ ನೇತೃತ್ವದ ಯುಪಿಎ ಕಾಲದಲ್ಲಿ. ಮುಂದೆ ಹೆಸರು ಬದಲಾಗಿ, ದೊಡ್ಡದಾಗಿ ಬೆಳೆದದ್ದು ಮೋದಿ ಸರ್ಕಾರದ ಕಾಲದಲ್ಲಿ. ಎರಡೂ ಪಕ್ಷಕ್ಕೆ ಇದರಲ್ಲಿ ಪಾಲಿದೆ. ಈ ಒಂದು ಸಾಲು ಸುದ್ದಿಯಲ್ಲಿ ಬಂದಿದ್ದರೆ ಅರ್ಧ ಬಿಸಿ ಆರಿಹೋಗುತ್ತಿತ್ತು, ಅಲ್ವಾ?

ಕೊಡಗಿಗೆ ಇದು ಯಾಕೆ ಬೇರೆ ಲೆಕ್ಕ

2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. ವಿಸ್ತೀರ್ಣ 4,102 ಚದರ ಕಿಲೋಮೀಟರ್. ಬೆಂಗಳೂರಿನ ಒಂದು ಸಣ್ಣ ಭಾಗದಲ್ಲಿ ಇರುವಷ್ಟು ಜನ ಇಲ್ಲಿ ಗುಡ್ಡ, ತೋಟ, ಗದ್ದೆ, ಕಾಡಿನ ನಡುವೆ ಚದುರಿ ಬದುಕುತ್ತಿದ್ದಾರೆ. ಜನ ಕಡಿಮೆ ಇರುವ ಕಡೆ ದೊಡ್ಡ ಖಾಸಗಿ ಆಸ್ಪತ್ರೆ ಬರುವುದಿಲ್ಲ. ಲಾಭದ ಲೆಕ್ಕ ಕೂಡಿಬರುವುದಿಲ್ಲ, ಅಷ್ಟೇ. ಹಾಗಾಗಿ ಇಲ್ಲಿ ಸರ್ಕಾರಿ ಆಸ್ಪತ್ರೆ, ಒಂದಷ್ಟು ಸಣ್ಣ ನರ್ಸಿಂಗ್ ಹೋಂ, ಮತ್ತೆ ಮೈಸೂರು ರಸ್ತೆ.

'ಮೈಸೂರಿಗೆ ಕರ್ಕೊಂಡು ಹೋಗಿ' ಅನ್ನುವ ಮಾತು ಕೊಡಗಿನ ಪ್ರತಿ ಮನೆಯಲ್ಲೂ ಒಮ್ಮೆಯಾದರೂ ಕೇಳಿಬಂದಿರುತ್ತದೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಸುಂಟಿಕೊಪ್ಪ, ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಬೇಕು. ಭಾಗಮಂಡಲದವರಿಗೆ, ಬಿರುನಾಣಿಯವರಿಗೆ ಮಡಿಕೇರಿಯೋ ಗೋಣಿಕೊಪ್ಪಲೋ ಮುಟ್ಟುವುದೇ ಮೊದಲ ಪ್ರಯಾಣ. ಮಳೆಗಾಲದ ಮಂಜಿನಲ್ಲಿ ಆಂಬ್ಯುಲೆನ್ಸ್ ಡ್ರೈವರ್‌ಗೆ ಮುಂದಿನ ತಿರುವೇ ಕಾಣುವುದಿಲ್ಲ. ಎದೆನೋವು ಬಂದವರಿಗೆ, ಆನೆ ತುಳಿದವರಿಗೆ, ರಕ್ತ ನಿಲ್ಲದ ಬಾಣಂತಿಗೆ ಮೊದಲ ಒಂದು ಗಂಟೆ ಬಹಳ ಮುಖ್ಯ. ಆ ಗಂಟೆ ಇಲ್ಲಿ ರಸ್ತೆಯಲ್ಲೇ ಕಳೆದುಹೋಗುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದಾಗ ಮಂಗಳೂರಿನ ದಾರಿಯೂ ಮುಚ್ಚಿಹೋಗಿತ್ತು.

ಹಾಗಾಗಿ ತುರ್ತು ಚಿಕಿತ್ಸೆಗೆ ಮೊದಲು ಮುಂಗಡ ಕೇಳಬಾರದು ಅನ್ನುವ ಕಾಯ್ದೆಯ ಒಂದು ಸಾಲು ಬೆಂಗಳೂರಿನಲ್ಲಿ ನೀತಿಯ ಚರ್ಚೆ. ರಾತ್ರಿ ಹನ್ನೊಂದಕ್ಕೆ ಪಿಕಪ್ ಗಾಡಿಯಲ್ಲಿ ಮಲಗಿಸಿಕೊಂಡು ಬಂದ ತೋಟದ ಕೆಲಸಗಾರನಿಗೆ ಅದು ಬದುಕು.

2017: ಒಂದು ಮಸೂದೆ, ಐದು ದಿನದ ಬಿರುಗಾಳಿ

ರಾಜ್ಯದಲ್ಲಿ ಆರೋಗ್ಯ ಸುಧಾರಣೆಗೆ ಎದುರಾದ ದೊಡ್ಡ ವಿರೋಧ ಯಾವುದು ಅಂದರೆ 2017ರದು. ಅದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಯಾಕೆಂದರೆ ಅದರ ಫಲವನ್ನೇ ನಾವು ಇವತ್ತು ಅನುಭವಿಸುತ್ತಿರುವುದು.

ಖಾಸಗಿ ಆಸ್ಪತ್ರೆಗಳ ನೋಂದಣಿಗೆ ರಾಜ್ಯದಲ್ಲಿ 2007ರ ಕಾಯ್ದೆಯಿತ್ತು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಚಿಕ್ಕದಾಗಿ ಕೆಪಿಎಂಇ ಕಾಯ್ದೆ ಅಂತ ಕರೆಯುತ್ತಾರೆ. ಅದು ಹಲ್ಲಿಲ್ಲದ ಕಾಯ್ದೆ ಅನ್ನುವ ದೂರು ಮೊದಲಿನಿಂದಲೂ ಇತ್ತು. ಅದನ್ನು ಪರಿಶೀಲಿಸಲು ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ನೇತೃತ್ವದಲ್ಲಿ ಸಮಿತಿ ಆಯಿತು. 2017ರ ಜೂನ್‌ನಲ್ಲಿ ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ತಿದ್ದುಪಡಿ ಮಸೂದೆ ತಂದರು.

ಮಸೂದೆಯಲ್ಲಿ ಏನಿತ್ತು? ಚಿಕಿತ್ಸೆಯ ದರವನ್ನು ಸರ್ಕಾರ ನಿಗದಿ ಮಾಡಬಹುದು. ರೋಗಿಯ ದೂರು ಕೇಳಲು ಜಿಲ್ಲೆಗೊಂದು ಸಮಿತಿ. ಆ ಸಮಿತಿಯ ಮುಂದೆ ವಕೀಲರನ್ನು ಇಟ್ಟುಕೊಳ್ಳುವಂತಿಲ್ಲ. ತಪ್ಪು ಮಾಡಿದರೆ 5 ಲಕ್ಷದವರೆಗೆ ದಂಡ, ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು. ತುರ್ತು ಇದ್ದಾಗ ಮುಂಗಡಕ್ಕೆ ಕಾಯದೆ ಚಿಕಿತ್ಸೆ ಕೊಡಬೇಕು. ಬಿಲ್ ಬಾಕಿ ಇದೆ ಅಂತ ಶವವನ್ನು ಇಟ್ಟುಕೊಳ್ಳಬಾರದು. ರೋಗಿಗಳ ಹಕ್ಕಿನ ಸನ್ನದು ಇರಬೇಕು.

ವೈದ್ಯರ ಸಂಘಟನೆಗಳು ಸಿಡಿದೆದ್ದವು. ನವೆಂಬರ್ 13ರಂದು ಬೆಳಗಾವಿಯಲ್ಲಿ ಚಳಿಗಾಲದ ಅಧಿವೇಶನ ಶುರುವಾದ ದಿನವೇ ಸಾವಿರಾರು ವೈದ್ಯರು ಅಲ್ಲಿ ಸೇರಿದರು. ಖಾಸಗಿ ಆಸ್ಪತ್ರೆಗಳ ಹೊರರೋಗಿ ವಿಭಾಗಗಳು ಮುಚ್ಚಿದವು. ಚಿಕಿತ್ಸೆ ಸಿಗದೆ ಸಾವು ಅನ್ನುವ ವರದಿಗಳು ಜಿಲ್ಲೆಗಳಿಂದ ಬರತೊಡಗಿದವು. ಹೈಕೋರ್ಟ್ ಮಧ್ಯೆ ಬಂತು. ನವೆಂಬರ್ 17ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಮಾತುಕತೆ ನಡೆಸಿದ ಮೇಲೆ ಮುಷ್ಕರ ನಿಂತಿತು. ಅದೇ ತಿಂಗಳು, ಬಹಳಷ್ಟು ಸಡಿಲವಾದ ರೂಪದಲ್ಲಿ, ಮಸೂದೆ ಪಾಸಾಯಿತು.

ಸಡಿಲವಾದದ್ದು ಏನು? ದರ ನಿಗದಿ ಸರ್ಕಾರಿ ಯೋಜನೆಗಳಡಿ ನಡೆಯುವ ಚಿಕಿತ್ಸೆಗಷ್ಟೇ ಸೀಮಿತವಾಯಿತು. ಉಳಿದಂತೆ ಆಸ್ಪತ್ರೆಯವರು ತಮ್ಮ ದರವನ್ನು ತಾವೇ ಬರೆದು ಹಾಕಿದರೆ ಸಾಕು. ಜೈಲಿನ ಅಂಶಗಳನ್ನು ಸಡಿಲ ಮಾಡಲಾಯಿತು. ಉಳಿದುಕೊಂಡದ್ದು ದೂರು ಪ್ರಾಧಿಕಾರ, ಹಕ್ಕಿನ ಸನ್ನದು, ತುರ್ತು ಚಿಕಿತ್ಸೆ, ಶವ ಹಸ್ತಾಂತರ.

ರಾಜಕೀಯವನ್ನೂ ಮರೆಯಬಾರದು. ಮುಂದಿನ ಮೇನಲ್ಲಿ ವಿಧಾನಸಭೆ ಚುನಾವಣೆ ಇತ್ತು. ಮುಷ್ಕರ ಇನ್ನೂ ಒಂದು ವಾರ ನಡೆದಿದ್ದರೆ ಪ್ರತಿ ಸಾವಿನ ಹೊಣೆ ಸರ್ಕಾರದ ತಲೆಗೇ ಬರುತ್ತಿತ್ತು. ದರ ನಿಗದಿಯ ಲಾಭ ಜನರಿಗೆ ಗೊತ್ತಾಗಲು ವರ್ಷಗಳೇ ಬೇಕು. ಮುಷ್ಕರದ ನೋವು ಗೊತ್ತಾಗಲು ಒಂದು ದಿನ ಸಾಕು. ಚುನಾವಣೆ ಹತ್ತಿರ ಇರುವ ಸರ್ಕಾರ ಯಾವುದಕ್ಕೆ ಮಣಿಯುತ್ತದೆ ಅಂತ ಊಹಿಸುವುದು ಕಷ್ಟವಲ್ಲ.

ವೈದ್ಯರ ಮಾತಿನಲ್ಲಿದ್ದ ನಿಜ

ಇಲ್ಲಿ ವೈದ್ಯರನ್ನು ಖಳನಾಯಕರು ಅಂತ ಬರೆದುಬಿಡುವುದು ಸುಲಭ. ಅದು ಸರಿಯಲ್ಲ.

ಸೇನ್ ಸಮಿತಿ ಸರ್ಕಾರಿ ಆಸ್ಪತ್ರೆಗಳನ್ನೂ ಇದೇ ಕಾಯ್ದೆಯೊಳಗೆ ತರಬೇಕು ಅಂದಿತ್ತು. ಸರ್ಕಾರ ತರಲಿಲ್ಲ. 'ನಮಗೊಂದು ನ್ಯಾಯ, ನಿಮಗೊಂದು ನ್ಯಾಯವಾ?' ಅಂತ ವೈದ್ಯರು ಕೇಳಿದ್ದರಲ್ಲಿ ತಪ್ಪೇನಿದೆ? ಸರ್ಕಾರಿ ಆಸ್ಪತ್ರೆಯಲ್ಲಿ ಲಂಚ ಕೊಟ್ಟ ರೋಗಿಯೂ ರೋಗಿಯೇ. ಅವನ ದೂರಿಗೂ ಅದೇ ಸಮಿತಿ ಇರಬೇಕಿತ್ತು. ಈ ವಿಷಯದಲ್ಲಿ ಮಸೂದೆ ಕಟ್ಟಿದವರೇ ಎಡವಿದರು.

ಇನ್ನೊಂದು ಭಯ ಸಣ್ಣ ನರ್ಸಿಂಗ್ ಹೋಂಗಳದ್ದು. ಗಂಡ ಸರ್ಜನ್, ಹೆಂಡತಿ ಹೆರಿಗೆ ತಜ್ಞೆ, ಹತ್ತು ಹಾಸಿಗೆ. ಇಂಥ ಕಡೆ ಜೈಲಿನ ಭಯ ಹುಟ್ಟಿಸಿದರೆ ಅವರು ಕಷ್ಟದ ಕೇಸ್ ಮುಟ್ಟುವುದೇ ಇಲ್ಲ. ಮೊದಲೇ ಮೈಸೂರಿಗೆ ಕಳಿಸಿಬಿಡುತ್ತಾರೆ. ಬೆಂಗಳೂರಿನಲ್ಲಿ ಒಂದು ನರ್ಸಿಂಗ್ ಹೋಂ ಮುಚ್ಚಿದರೆ ಪಕ್ಕದ ಬೀದಿಯಲ್ಲಿ ಇನ್ನೊಂದಿರುತ್ತದೆ. ಗೋಣಿಕೊಪ್ಪಲು, ಶನಿವಾರಸಂತೆಯಂಥ ಊರಿನಲ್ಲಿ ಮುಚ್ಚಿದರೆ ಪಕ್ಕದ ಬೀದಿ ಅಂದರೆ ಮುಂದಿನ ತಾಲ್ಲೂಕು. ಹಾಗಾಗಿ ಜೈಲಿನ ಅಂಶ ಸಡಿಲವಾದದ್ದು ಕೊಡಗಿನಂಥ ಜಿಲ್ಲೆಗೆ ಒಳ್ಳೆಯದೇ ಆಯಿತು ಅನ್ನಬೇಕು.

ಆದರೆ ತುರ್ತು ಚಿಕಿತ್ಸೆಯ ವಿಷಯಕ್ಕೆ ಮಾಡಿದ ಗದ್ದಲ ಒಪ್ಪತಕ್ಕದ್ದಲ್ಲ. ಅದು ಹೊಸ ನಿಯಮವೇ ಅಲ್ಲ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಜೀವಕ್ಕೆ ಅಪಾಯದಲ್ಲಿರುವವರಿಗೆ ಮೊದಲು ಚಿಕಿತ್ಸೆ ಕೊಡುವುದು ಪ್ರತಿ ವೈದ್ಯರ ಕರ್ತವ್ಯ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿತ್ತು. ಮಸೂದೆ ಅದನ್ನೇ ರಾಜ್ಯದ ಕಾಯ್ದೆಯಲ್ಲಿ ಬರೆಯಲು ಹೊರಟಿತ್ತು. ಆ ಐದು ದಿನಗಳ ಚರ್ಚೆಯಲ್ಲಿ 1989ರ ತೀರ್ಪಿನ ಮಾತು ಎದ್ದದ್ದೇ ಅಪರೂಪ.

ಕ್ಯಾಮೆರಾ ಎಲ್ಲಿ ನಿಂತಿತ್ತು?

ಮಾಧ್ಯಮದವರು ಬೇಕಂತಲೇ ದಾರಿ ತಪ್ಪಿಸಿದರು ಅಂತ ಹೇಳುವುದು ಸುಲಭ. ಆದರೆ ಕೆಲಸ ನಡೆಯುವ ರೀತಿ ನೋಡಿದರೆ, ಯಾರೂ ಬೇಕಂತ ಮಾಡದಿದ್ದರೂ ಇದೇ ಆಗುತ್ತದೆ ಅನ್ನುವುದು ಕಾಣುತ್ತದೆ.

ಬೈಟ್, ಅಂದರೆ ಕ್ಯಾಮೆರಾ ಮುಂದೆ ಒಂದು ಹೇಳಿಕೆ, ಬೇಕು ಅಂದಾಗ ಟಿವಿಯವರು ಯಾರಿಗೆ ಫೋನ್ ಮಾಡುತ್ತಾರೆ? ವೈದ್ಯರಿಗೆ ಸಂಘವಿದೆ, ಅಧ್ಯಕ್ಷರಿದ್ದಾರೆ, ಮಾತು ಬಲ್ಲ ವಕ್ತಾರರಿದ್ದಾರೆ. ಸಚಿವರಿಗೆ ಪಿಎ ಇದ್ದಾರೆ. ರೋಗಿಗಳಿಗೆ ಸಂಘ ಇಲ್ಲ. ಮೊನ್ನೆ ಬಿಲ್ ಕಟ್ಟಲು ಕಾಫಿಯನ್ನು ಮರದಲ್ಲಿರುವಾಗಲೇ ವ್ಯಾಪಾರಿಗೆ ಮಾತಾಡಿ ಮುಂಗಡ ತಂದ ಮನೆಯವರ ನಂಬರ್ ಯಾವ ಸುದ್ದಿಮನೆಯಲ್ಲೂ ಇರುವುದಿಲ್ಲ. ಹಾಗಾಗಿ ಪರದೆಯ ಮೇಲೆ ಎರಡೇ ಮುಖ: ಸಚಿವರು, ವೈದ್ಯರು. ಮಸೂದೆ ಇದ್ದದ್ದು ಯಾರ ಸಲುವಾಗಿಯೋ ಆ ಮೂರನೆಯವರು ಕಾಣುವುದು ಸ್ಟ್ರೆಚರ್ ಮೇಲೆ ಮಾತ್ರ.

ಸಾವಿನ ಸಂಖ್ಯೆ ಮೊದಲ ಸುದ್ದಿಯಾಯಿತು. ಅದು ನಿಜವಾದ ನೋವು, ತೋರಿಸಲೇಬೇಕು. ಆದರೆ ಸಾವಿನ ಸುದ್ದಿ ಮೇಲೆ ಬಂದ ಕೂಡಲೇ ಕೇಳುವ ಪ್ರಶ್ನೆಯೇ ಬದಲಾಗುತ್ತದೆ. 'ಮಸೂದೆ ಸರಿಯಾ?' ಅನ್ನುವುದು ಹೋಗಿ 'ಮುಷ್ಕರ ಯಾವಾಗ ನಿಲ್ಲುತ್ತದೆ?' ಅನ್ನುವುದು ಬರುತ್ತದೆ. ಎರಡನೆಯ ಪ್ರಶ್ನೆಗೆ ಬೇಗ ಸಿಗುವ ಉತ್ತರ ರಾಜಿ. ರಾಜಿ ಅಂದರೆ ಮಸೂದೆಯ ಕೆಲವು ಸಾಲು ಅಳಿಸುವುದು. ಯಾವ ಸಾಲು ಅಳಿಸಿದರು ಅಂತ ಕೇಳುವ ಹೊತ್ತಿಗೆ ಸುದ್ದಿ ಮುಗಿದಿರುತ್ತದೆ.

ಜಾಹೀರಾತಿನ ವಿಷಯವೂ ಇದೆ. ಖಾಸಗಿ ಆಸ್ಪತ್ರೆಗಳು ಪತ್ರಿಕೆ, ಟಿವಿಗಳ ದೊಡ್ಡ ಜಾಹೀರಾತುದಾರರು. ಸರ್ಕಾರವೂ ಹಾಗೆಯೇ. ರೋಗಿ ಜಾಹೀರಾತು ಕೊಡುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆ ಅಂದರೆ ಬೆನ್ನುಹತ್ತಿ ಹೋಗದಿರುವುದು. ಕಾಯ್ದೆ ಪಾಸಾದ ಮೇಲೆ ನಿಯಮ ಬರಬೇಕು, ಪ್ರಾಧಿಕಾರ ಕೂರಬೇಕು, ದೂರು ಬರಬೇಕು, ತೀರ್ಮಾನ ಆಗಬೇಕು. ಇದೆಲ್ಲ ನಿಧಾನದ ಕೆಲಸ. ಇಲ್ಲಿ ಕೂಗಾಟ ಇಲ್ಲ, ಹಾಗಾಗಿ ಕ್ಯಾಮೆರಾವೂ ಇಲ್ಲ. ಜನರ ಹಕ್ಕು ಕಾಗದದಲ್ಲೇ ಉಳಿಯುವುದು ಈ ಹಂತದಲ್ಲಿ.

ಬೇರೆ ಕಡೆಯೂ ಇದೇ ಕಥೆ

ರಾಜಸ್ಥಾನ 2023ರ ಮಾರ್ಚ್ 21ರಂದು ಆರೋಗ್ಯ ಹಕ್ಕಿನ ಮಸೂದೆ ಪಾಸು ಮಾಡಿತು. ದೇಶದಲ್ಲೇ ಮೊದಲು. ತುರ್ತು ಚಿಕಿತ್ಸೆಗೆ ಮುಂಗಡ ಬೇಡ ಅನ್ನುವುದೇ ಅಲ್ಲೂ ಜಗಳದ ಮೂಲ. ಎರಡು ವಾರ ಖಾಸಗಿ ಆಸ್ಪತ್ರೆಗಳು ಬಂದ್ ಆದವು. ಏಪ್ರಿಲ್ 4ರಂದು ಒಪ್ಪಂದವಾಯಿತು. 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಗಳಿಗೆ ವಿನಾಯಿತಿ ಸಿಕ್ಕಿತು. ಇದೇ ವಿನಾಯಿತಿ ಕೊಡಗಿನಲ್ಲಿ ಬಂದರೆ ಹೊರಗುಳಿಯದ ಖಾಸಗಿ ಆಸ್ಪತ್ರೆ ಎಷ್ಟಿರಬಹುದು ಅಂತ ಯೋಚಿಸಿ.

ಅಮೆರಿಕದ ಕಥೆ ಇನ್ನೂ ದೊಡ್ಡದು. 2009ರಲ್ಲಿ ಒಬಾಮ ಸರ್ಕಾರ ವಿಮೆ ಸುಧಾರಣೆಗೆ ಹೊರಟಾಗ ಕರಡಿನಲ್ಲಿ ಒಂದು ಸಣ್ಣ ಅಂಶವಿತ್ತು. ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ವಯಸ್ಸಾದವರು ತಾವಾಗಿಯೇ ವೈದ್ಯರ ಜೊತೆ ಮಾತಾಡಲು ಬಯಸಿದರೆ, ಆ ಭೇಟಿಯ ಶುಲ್ಕವನ್ನು ಸರ್ಕಾರಿ ವಿಮೆ ಕೊಡುತ್ತದೆ ಅಂತ. ಅದೇ ವರ್ಷದ ಆಗಸ್ಟ್‌ನಲ್ಲಿ ರಿಪಬ್ಲಿಕನ್ ನಾಯಕಿ ಸಾರಾ ಪೇಲಿನ್ ಫೇಸ್‌ಬುಕ್‌ನಲ್ಲಿ 'ಸಾವಿನ ಸಮಿತಿ' ಬರುತ್ತದೆ ಅನ್ನುವ ಅರ್ಥದಲ್ಲಿ ಬರೆದರು. ಯಾರು ಬದುಕಬೇಕು, ಯಾರು ಸಾಯಬೇಕು ಅಂತ ಅಧಿಕಾರಿಗಳು ನಿರ್ಧರಿಸುತ್ತಾರೆ ಅನ್ನುವ ಸುದ್ದಿ ಊರೆಲ್ಲ ಹಬ್ಬಿತು. ಸತ್ಯ ಪರಿಶೀಲಿಸುವ ಪಾಲಿಟಿಫ್ಯಾಕ್ಟ್ ಸಂಸ್ಥೆ ಇದನ್ನು ಆ ವರ್ಷದ ದೊಡ್ಡ ಸುಳ್ಳು ಅಂತ ಕರೆಯಿತು. ಆದರೂ ಆ ಅಂಶ ಬಿದ್ದುಹೋಯಿತು. 2010ರ ಮಾರ್ಚ್ 23ರಂದು ಸಹಿಯಾದ ಕಾಯ್ದೆಯಲ್ಲಿ ಅದು ಇರಲಿಲ್ಲ. ಅದೇ ಭೇಟಿಗೆ ಶುಲ್ಕ ಕೊಡುವ ವ್ಯವಸ್ಥೆ ಸದ್ದಿಲ್ಲದೆ ಜಾರಿಗೆ ಬಂದದ್ದು 2016ರ ಜನವರಿಯಲ್ಲಿ. ಒಂದು ಪದಕ್ಕಾಗಿ ಲಕ್ಷಾಂತರ ವೃದ್ಧರು ಆರು ವರ್ಷ ಕಾದರು. ಸುದ್ದಿ ವಾಹಿನಿಗಳು ಆ ಸುಳ್ಳನ್ನು ಅಲ್ಲಗಳೆಯುವಾಗಲೂ ಆ ಪದವನ್ನೇ ದಿನಾ ಹೇಳಿದವು. ಜನರ ತಲೆಯಲ್ಲಿ ಉಳಿದದ್ದು ಪದ, ಅಲ್ಲಗಳೆದದ್ದಲ್ಲ.

ಅಲ್ಲಿನ ಜಗಳ ಇನ್ನೂ ಮುಗಿದಿಲ್ಲ. 2025ರ ಅಕ್ಟೋಬರ್ 1ರಿಂದ 43 ದಿನ ಅಮೆರಿಕದ ಕೇಂದ್ರ ಸರ್ಕಾರದ ಬಹಳಷ್ಟು ಕಚೇರಿಗಳು ಮುಚ್ಚಿದ್ದವು. ಅದಕ್ಕೆ ಮುಖ್ಯ ಕಾರಣ ಇದೇ ಕಾಯ್ದೆಯಡಿ ಕೊಡುವ ಹೆಚ್ಚುವರಿ ವಿಮೆ ಸಹಾಯಧನವನ್ನು ಮುಂದುವರಿಸಬೇಕೋ ಬೇಡವೋ ಅನ್ನುವುದು. ಮಕ್ಕಳು ಅಲ್ಲಿ ಕೆಲಸದಲ್ಲಿರುವ ಕೊಡಗಿನ ಮನೆಗಳಲ್ಲಿ 'ಅಷ್ಟು ದೊಡ್ಡ ದೇಶ ಬಾಗಿಲು ಹಾಕಿಕೊಂಡಿದ್ದು ಯಾಕೆ?' ಅನ್ನುವ ಪ್ರಶ್ನೆ ಎದ್ದಿದ್ದರೆ, ಉತ್ತರ ಇದು.

ಕೆನಡಾದ ಸಾಸ್ಕಾಚೆವಾನ್ ಪ್ರಾಂತ್ಯದ ಅನುಭವ ಸ್ವಲ್ಪ ಧೈರ್ಯ ಕೊಡುತ್ತದೆ. ಅದೂ ಚದುರಿದ ಜನರ, ಬೇಸಾಯದ ನಾಡು. 1962ರ ಜುಲೈ 1ರಂದು ಎಲ್ಲರಿಗೂ ಸರ್ಕಾರಿ ವೈದ್ಯಕೀಯ ವಿಮೆ ಜಾರಿಯಾದಾಗ ಅಲ್ಲಿನ ವೈದ್ಯರು 23 ದಿನ ಮುಷ್ಕರ ಮಾಡಿದರು. ಸ್ಥಳೀಯ ಪತ್ರಿಕೆಗಳು ಹೆಚ್ಚಾಗಿ ವೈದ್ಯರ ಪರ ಇದ್ದವು. ಸರ್ಕಾರ ಕೆಲವು ವಿಷಯದಲ್ಲಿ ಬಗ್ಗಿತು. ಎಲ್ಲರಿಗೂ ವಿಮೆ ಅನ್ನುವ ಮೂಲ ಮಾತನ್ನು ಮಾತ್ರ ಬಿಡಲಿಲ್ಲ. ನಾಲ್ಕೇ ವರ್ಷದಲ್ಲಿ, 1966ರಲ್ಲಿ, ಇಡೀ ಕೆನಡಾಕ್ಕೆ ಅದೇ ಮಾದರಿಯ ಕಾಯ್ದೆ ಬಂತು.

ಕಾರ್ಡಿನ ಹೆಸರಿನ ಜಗಳ

ಪಕ್ಷ ಬದಲಾದಾಗ ವಾದವೂ ಬದಲಾಗುತ್ತದೆ. ಕೇಂದ್ರದ ಆರೋಗ್ಯ ವಿಮೆ ಯೋಜನೆ ಆಯುಷ್ಮಾನ್ ಭಾರತ್ 2018ರ ಸೆಪ್ಟೆಂಬರ್ 23ರಂದು ಶುರುವಾಯಿತು. ಪಶ್ಚಿಮ ಬಂಗಾಳ 2019ರಲ್ಲಿ ಹೊರಬಂತು. ಒಡಿಶಾ, ದೆಹಲಿ ಮೊದಲು ಸೇರಲಿಲ್ಲ, ಅಲ್ಲಿ ಬಿಜೆಪಿ ಸರ್ಕಾರ ಬಂದ ಮೇಲೆ 2025ರಲ್ಲಿ ಸೇರಿದವು. ನಮ್ಮ ಯೋಜನೆಯೇ ಚೆನ್ನಾಗಿದೆ ಅಂತ ರಾಜ್ಯಗಳು ಹೇಳಿದ್ದರಲ್ಲಿ ಸ್ವಲ್ಪ ನಿಜವೂ ಇತ್ತು. ಆದರೆ ಸೇರುವುದು ಬಿಡುವುದು ಆಡಳಿತ ಪಕ್ಷದ ಜೊತೆಗೇ ಬದಲಾದರೆ, ಯೋಜನೆಯ ಗುಣ ನೋಡಿ ತೀರ್ಮಾನವಾಯಿತು ಅಂತ ನಂಬುವುದು ಕಷ್ಟ.

ಕರ್ನಾಟಕದಲ್ಲಿ 2018ರ ಮಾರ್ಚ್‌ನಲ್ಲಿ ರಾಜ್ಯದ್ದೇ ಯೋಜನೆಯಾದ ಆರೋಗ್ಯ ಕರ್ನಾಟಕ ಬಂತು. ಅದೇ ಅಕ್ಟೋಬರ್‌ನಲ್ಲಿ ಎರಡನ್ನೂ ಸೇರಿಸಿ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಅಂತ ಮಾಡಿದರು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ಗೆ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ಪ್ಯಾಕೇಜ್ ದರದ ಶೇಕಡಾ 30, ಹೆಚ್ಚೆಂದರೆ ಒಂದೂವರೆ ಲಕ್ಷ. ಸಹಕಾರ ಸಂಘದ ಸದಸ್ಯರಿಗಿದ್ದ ಯಶಸ್ವಿನಿ ಆರೋಗ್ಯ ಯೋಜನೆ 2018ರಲ್ಲಿ ನಿಂತಿತು, 2022ರಲ್ಲಿ ಮತ್ತೆ ಶುರುವಾಯಿತು. ಊರೂರಿಗೂ ಸಹಕಾರ ಸಂಘ ಇರುವ ಕೊಡಗಿನಲ್ಲಿ ಬಹಳ ಜನ ನೆಚ್ಚಿಕೊಂಡಿದ್ದ ಯೋಜನೆ ಅದು.

ಈ ಹೆಸರುಗಳ ಜಾತ್ರೆಯಲ್ಲಿ ಕಳೆದುಹೋಗುವವರು ತೋಟದ ಲೈನ್‌ಮನೆಯವರು. ಅಸ್ಸಾಮಿನಿಂದ ಕಾಫಿ ಕೊಯ್ಲಿಗೆ ಬಂದ ಕುಟುಂಬದ ರೇಷನ್ ಕಾರ್ಡ್ ಅವರ ಊರಿನಲ್ಲೇ ಇರುತ್ತದೆ. ಅಲ್ಲಿನ ಆಯುಷ್ಮಾನ್ ಕಾರ್ಡ್ ಇದ್ದರೆ ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ನಡೆಯುತ್ತದೆ. ಇದನ್ನು ಅವರಿಗೆ ಹೇಳುವವರು ಬೇಕು. ಸಾಮಾನ್ಯ ಕಾಯಿಲೆಗಾದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಚೀಟಿ ತರಬೇಕು, ಇಲ್ಲದಿದ್ದರೆ ಖಾಸಗಿ ಕೌಂಟರ್‌ನಲ್ಲಿ ಕಾರ್ಡ್ ವಾಪಸ್ ಬರುತ್ತದೆ ಅಂತಲೂ ಹೇಳಬೇಕು. ರಸ್ತೆ ಅಪಘಾತವಾದವರಿಗೆ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆ ಕೊಡುವ ಯೋಜನೆ 2025ರ ಮೇ 5ರಿಂದ ಜಾರಿಯಲ್ಲಿದೆ. ಘಾಟಿ ರಸ್ತೆಗಳ ಈ ಜಿಲ್ಲೆಯಲ್ಲಿ ಇದು ಪ್ರತಿ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲಿರಬೇಕಾದ ಸುದ್ದಿ. ಅದೇ ತಿಂಗಳು ಜನೌಷಧಿ ಜಗಳಕ್ಕೆ ಸಿಕ್ಕ ಸಮಯದಲ್ಲಿ ಹತ್ತನೇ ಒಂದು ಪಾಲು ಇದಕ್ಕೆ ಸಿಕ್ಕಿದ್ದರೂ ಸಾಕಿತ್ತು.

2019ರ ಹ್ಯಾಷ್‌ಟ್ಯಾಗ್ ಕಲಿಸಿದ್ದು

ಮಾಧ್ಯಮ ಕೆಲಸ ಮಾಡಿದ ಉದಾಹರಣೆಯೂ ಕೊಡಗಿನಲ್ಲೇ ಇದೆ. 2019ರ ಜೂನ್‌ನಲ್ಲಿ 'ವಿ ನೀಡ್ ಎಮರ್ಜೆನ್ಸಿ ಹಾಸ್ಪಿಟಲ್ ಇನ್ ಕೊಡಗು' ಅನ್ನುವ ಹ್ಯಾಷ್‌ಟ್ಯಾಗ್ ಟ್ವಿಟ್ಟರ್‌ನಲ್ಲಿ ಹಬ್ಬಿತು. ಇಲ್ಲಿನ ಯುವಕರೇ ಶುರುಮಾಡಿದ್ದು. ಸಿನಿಮಾದವರು ದನಿಗೂಡಿಸಿದರು. ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಸ್ಪಂದಿಸಲೇಬೇಕಾಯಿತು. ಅಷ್ಟು ವರ್ಷ ಮನವಿಪತ್ರ ಕೊಟ್ಟು ಆಗದ್ದು ಕೆಲವೇ ದಿನದಲ್ಲಿ ರಾಜ್ಯದ ಸುದ್ದಿಯಾಯಿತು.

ಮುಂದಿನ ತಿಂಗಳೇ ಆ ಸರ್ಕಾರ ಬಿತ್ತು. ಆಗಸ್ಟ್‌ನಲ್ಲಿ ಮತ್ತೆ ಮಳೆ, ಮತ್ತೆ ಕುಸಿತ. ಸುದ್ದಿ ಬೇರೆ ಕಡೆ ಹೊರಳಿತು. ಮಡಿಕೇರಿಯಲ್ಲಿ 2016ರಲ್ಲೇ ವೈದ್ಯಕೀಯ ಕಾಲೇಜು ಶುರುವಾಗಿದೆ, ಅದು ದೊಡ್ಡ ಬಲ. ಆದರೂ ದೊಡ್ಡ ಕಾಯಿಲೆ ಅಂದರೆ ಮೈಸೂರು, ಮಂಗಳೂರಿನ ದಾರಿ ಹಿಡಿಯುವವರು ಇದ್ದೇ ಇದ್ದಾರೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಹ್ಯಾಷ್‌ಟ್ಯಾಗ್ ಕೇಳಿದ್ದು ಆಸ್ಪತ್ರೆ. ಆಸ್ಪತ್ರೆ ಅಂದ ಕೂಡಲೇ ರಾಜಕಾರಣಿಗಳಿಗೆ ಕಾಣುವುದು ಕಟ್ಟಡ. ಕಟ್ಟಡಕ್ಕೆ ಗುದ್ದಲಿ ಪೂಜೆ ಇದೆ, ಉದ್ಘಾಟನೆ ಇದೆ, ಎರಡಕ್ಕೂ ಫೋಟೊ ಇದೆ. ರಾತ್ರಿ ಎರಡು ಗಂಟೆಗೆ ಅರಿವಳಿಕೆ ತಜ್ಞರು ಡ್ಯೂಟಿಯಲ್ಲಿದ್ದಾರಾ, ರಕ್ತ ಸಿಗುತ್ತದಾ, ಆಂಬ್ಯುಲೆನ್ಸ್‌ನಲ್ಲಿ ಆಕ್ಸಿಜನ್ ತುಂಬಿದೆಯಾ ಅನ್ನುವುದಕ್ಕೆ ಫೋಟೊ ಇಲ್ಲ. ತಜ್ಞರು ಬಂದು ನಿಲ್ಲಬೇಕಾದರೆ ಮನೆ ಬೇಕು, ಮಕ್ಕಳಿಗೆ ಶಾಲೆ ಬೇಕು, ಜೊತೆಗೆ ಇನ್ನೊಬ್ಬ ತಜ್ಞರು ಬೇಕು. ಒಬ್ಬರೇ ಆದರೆ ವರ್ಷವಿಡೀ ರಜೆ ಇಲ್ಲದ ಕೆಲಸ, ಒಂದೆರಡು ವರ್ಷದಲ್ಲಿ ವರ್ಗಾವಣೆ ಕೇಳಿಕೊಂಡು ಹೋಗುತ್ತಾರೆ.

ಮುಂದೆ ಏನಾಗಬಹುದು

2017ರಲ್ಲಿ, 2023ರಲ್ಲಿ ಸರ್ಕಾರಗಳು ಒಂದು ಪಾಠ ಕಲಿತಿವೆ. ಖಾಸಗಿ ಆಸ್ಪತ್ರೆಗಳ ದರಕ್ಕೆ, ಮುಂಗಡಕ್ಕೆ ಕೈಹಾಕಿದರೆ ಕೈ ಸುಡುತ್ತದೆ ಅಂತ. ಹಾಗಾಗಿ ಇನ್ನು ಬರುವ ಸುಧಾರಣೆಗಳು ಹೆಚ್ಚಾಗಿ ಕಾರ್ಡಿನ ರೂಪದಲ್ಲೇ ಬರುವ ಸಾಧ್ಯತೆ ಜಾಸ್ತಿ. ಕಾರ್ಡ್ ಕೊಟ್ಟರೆ ಯಾರಿಗೂ ಕೋಪವಿಲ್ಲ. ಆದರೆ ಹತ್ತಿರದಲ್ಲಿ ಆಸ್ಪತ್ರೆಯೇ ಇಲ್ಲದ ಕಡೆ ಕಾರ್ಡ್ ಮಾಡುವ ಕೆಲಸ ಕಡಿಮೆ. ಯೋಜನೆಯ ಹಣ ಮೈಸೂರಿನ, ಮಂಗಳೂರಿನ ಆಸ್ಪತ್ರೆಗಳಿಗೆ ಹೋಗುತ್ತದೆ. ಅಲ್ಲಿಯ ಆಸ್ಪತ್ರೆಗಳು ಇನ್ನೂ ಬೆಳೆಯುತ್ತವೆ. ಇಲ್ಲಿಯವು ಹಾಗೇ ಇರುತ್ತವೆ. ಅದರ ಜೊತೆಗೆ ಯೋಜನೆಯ ಬಾಕಿ ಹಣ ತಡವಾಗಿ ಬಂದರೆ ದೊಡ್ಡ ಆಸ್ಪತ್ರೆ ತಡೆದುಕೊಳ್ಳುತ್ತದೆ, ಸಣ್ಣ ನರ್ಸಿಂಗ್ ಹೋಂ ಯೋಜನೆಯಿಂದಲೇ ಹೊರಬರುತ್ತದೆ.

ಇದನ್ನು ತಡೆಯಲು ಸ್ಥಳೀಯ ಮಾಧ್ಯಮಕ್ಕೆ ಆಗುವಷ್ಟು ಕೆಲಸ ರಾಜ್ಯಮಟ್ಟದ ಚಾನೆಲ್‌ಗಳಿಗೆ ಆಗುವುದಿಲ್ಲ. ಮಡಿಕೇರಿ ಆಕಾಶವಾಣಿಯನ್ನು ತೋಟದಲ್ಲಿ ಕೆಲಸ ಮಾಡುತ್ತಲೇ ಕೇಳಬಹುದು. 'ಶಕ್ತಿ' ಪತ್ರಿಕೆ ಬೆಳಿಗ್ಗೆ ಕಾಫಿಯ ಜೊತೆ ಮನೆಯೊಳಗೆ ಬರುತ್ತದೆ. ಯಾವ ತಾಲ್ಲೂಕು ಆಸ್ಪತ್ರೆಯಲ್ಲಿ ಯಾವ ಹುದ್ದೆ ಎಷ್ಟು ತಿಂಗಳಿಂದ ಖಾಲಿ ಅಂತ ಪ್ರತಿ ತಿಂಗಳ ಮೊದಲ ವಾರ ಒಂದು ಪಟ್ಟಿ ಬಂದರೆ, ಅದನ್ನು ಶಾಸಕರೂ ಓದುತ್ತಾರೆ, ವಿರೋಧ ಪಕ್ಷದವರೂ ಓದುತ್ತಾರೆ.

2017ರ ಕಾಯ್ದೆಯಲ್ಲಿ ಉಳಿದುಕೊಂಡದ್ದು ಕೊಡಗಿನಲ್ಲೂ ಜಾರಿಯಲ್ಲಿದೆ. ನೋಂದಣಿ ಸಂಖ್ಯೆ ಮತ್ತು ದರದ ಪಟ್ಟಿ ಎಲ್ಲರಿಗೂ ಕಾಣುವಂತೆ ಹಾಕಬೇಕು. ಮುಂದಿನ ಸಲ ಯಾವುದೇ ಖಾಸಗಿ ಆಸ್ಪತ್ರೆಗೆ ಹೋದಾಗ ಗೋಡೆ ನೋಡಿ. ಬೋರ್ಡ್ ಇದೆಯಾ, ಅಥವಾ ಕ್ಯಾಲೆಂಡರಿನ ಹಿಂದೆ ಸೇರಿಕೊಂಡಿದೆಯಾ? ದೂರು ಕೇಳುವ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿ. ಇಲ್ಲಿಯವರೆಗೆ ಎಷ್ಟು ದೂರು ಬಂದಿವೆ, ಎಷ್ಟು ತೀರ್ಮಾನವಾಗಿವೆ, ಯಾವ ದಿನಾಂಕದಂದು ಸಭೆ ಸೇರಿದರು? ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಯಾರು ಬೇಕಾದರೂ ಇದನ್ನು ಕೇಳಬಹುದು. ಅರ್ಜಿ ತಲುಪಿದ 30 ದಿನದೊಳಗೆ ಮಡಿಕೇರಿಯಿಂದ ಉತ್ತರ ಬರಬೇಕು.